ಗುಡ್ಡ ಇಳಿದ ಮನೆ

ಕ್ಲೊರಿಂದಾ ರೊಟ್ಟಿಯನ್ನು ಬಿಸಿಬೂದಿಯಲ್ಲಿ ಹೂತು ಇನ್ನೂ ಕೈ ಕೊಡವಿಕೊಂಡಿರಲಿಲ್ಲ, ಬಾಗಿಲಿನ ಬೆಳಕು ಹೋಯಿತು. ತಿರುಗಿ ನೋಡಿದರೆ ಒಂದು ಕುದುರೆಯ ಎದೆ. ಎದೆಯ ಎರಡು ಬದಿಗೆ ಎರಡು ಬೂಟು. ಬೂಟಿನ ಮೇಲೆ ಯಾರಿದ್ದಾರೆಂದು ನೋಡಬೇಕಾದರೆ ಹೊಸ್ತಿಲು ದಾಟಿ ಕತ್ತೆತ್ತಬೇಕು. ಎತ್ತುವ ಮೊದಲೇ ಗೊತ್ತಾಯಿತು. ಗುಡ್ಡದ ಕೆಳಗಿನ ಸರೋವರದ ಸುತ್ತ ಹೊಳೆಯುವ ಬೂಟು ಇದ್ದದ್ದು ಒಬ್ಬನಿಗೇ.

ಮೆಕ್ರೇ ದೊರೆ. ಕುರಿ ಕಂಪನಿಯ ಮ್ಯಾನೇಜರ್. ದೂರದ ದ್ವೀಪದಿಂದ ಕೂಲಿಗೆ ಬಂದು ಇಲ್ಲಿ ನೆಲೆಸಿದವರ ಬಾಗಿಲಲ್ಲಿ ಅವನು ಯಾವತ್ತೂ ಕುದುರೆಯಿಂದ ಇಳಿದವನಲ್ಲ. ಇಳಿದರೆ ಟೋಪಿ ತೆಗೆಯಬೇಕು. ಟೋಪಿ ತೆಗೆದರೆ ನಮಸ್ಕಾರ ಹೇಳಬೇಕು. ನಮಸ್ಕಾರ ಹೇಳಿದರೆ ಅದು ಮನೆಯೆಂದು ಒಪ್ಪಿಕೊಂಡ ಹಾಗೆ. ಅವನ ಬಾಯಲ್ಲಿ ಅದು ಮನೆಯಲ್ಲ, ಗುಡಿಸಲೂ ಅಲ್ಲ. 'ಅದು'.

"ನಿನ್ನ ಗಂಡ ಎಲ್ಲಿ?"

"ನಿಮ್ಮ ಶೆಡ್ಡಲ್ಲಿ ನಿಮ್ಮ ಕುರಿ ತುಪ್ಪಟ ಕತ್ತರಿಸ್ತಾ ಇದಾನೆ ದೊರೆ. ಹೊತ್ತು ಹುಟ್ಟೋಕೆ ಮುಂಚೆ ಹೋದ. ನೀವು ಇನ್ನೂ ಎದ್ದಿರಲಿಲ್ಲ ಅನ್ಸುತ್ತೆ."

ದೊರೆ ಕೆಮ್ಮಿದ. "ಸರಿ, ನಿನಗೇ ಹೇಳ್ತೀನಿ. ಇದು ಸರ್ಕಾರದ ಜಾಗ. ಸರ್ಕಾರ ಇದನ್ನ ಕಂಪನಿಗೆ ವಹಿಸಿದೆ. ನಾನು ಪೊಲೀಸರನ್ನ ಕರ್ಕೊಂಡು ಬರೋಕೆ ಹೊರಟಿದೀನಿ. ಭಾನುವಾರ ಸಂಜೆ ಬರ್ತೀನಿ. ಆಗ ಈ ಗುಡ್ಡದ ಮೇಲೆ ಅದು ಇರಕೂಡದು. ಇದ್ರೆ ಸುಡ್ತೀವಿ."

ಗಾಳಿ ಬೀಸಿತು. ಕ್ಲೊರಿಂದಾ ಬೂಟನ್ನೇ ನೋಡುತ್ತ ನಿಂತಳು. ಅದನ್ನು ಕಂಡು ದೊರೆಗೆ ತಾನು ದಯಾವಂತ ಎನ್ನಿಸಿತೇನೋ, ದನಿ ಇಳಿಸಿದ. "ಬೀದಿಗೆ ಬೀಳಿ ಅಂತೇನೂ ಹೇಳ್ತಿಲ್ಲ. ನೀನು ಬಟ್ಟೆ ಚೆನ್ನಾಗಿ ಒಗೀತೀಯ. ಬಂಗಲೆ ಹಿಂದೆ ಸೌದೆ ಕೋಣೆ ಇದೆ, ನೀನು ಅಲ್ಲಿ ಮಲಗು. ಗಂಡ ಕೂಲಿಯವರ ಕೊಟ್ಟಿಗೇಲಿ ಮಲಗ್ಲಿ. ಹುಡುಗಿ ಅಡುಗೆಮನೇಲಿ ಪಾತ್ರೆ ತೊಳ್ಕೊಂಡು ಅಲ್ಲೇ ಮಲಗ್ಲಿ. ಎಲ್ಲರಿಗೂ ಜಾಗ ಆಯ್ತಲ್ಲ?"

"ಮೂರು ಜನಕ್ಕೆ ಮೂರು ಮೂಲೆ. ಅದಕ್ಕೆ ಜಾಗ ಅಂತೀರಾ ದೊರೆ? ನಾಯಿಗಳನ್ನಾದ್ರೂ ಒಟ್ಟಿಗೆ ಕಟ್ತೀರಿ."

ಅಷ್ಟರಲ್ಲಿ ಅವಳ ಲಂಗದ ಹಿಂದಿನಿಂದ ಒಂದು ತಲೆ ಇಣುಕಿತು. ಮಗಳು ಓತಿಲಿಯಾ. ಮುಂದಿನ ಎರಡು ಹಲ್ಲು ಬಿದ್ದ ವಯಸ್ಸು. ಪಕ್ಕದಲ್ಲಿ ಅವಳು ಬಾಟಲಿ ಹಾಲು ಕುಡಿಸಿ ಸಾಕಿದ ಕುರಿ. ಅದರ ಮುಖದ ಗಾಂಭೀರ್ಯ ನೋಡಿ ಅದಕ್ಕೆ ಬಿಷಪ್ಪ ಎಂದು ಹೆಸರಿಟ್ಟಿದ್ದರು.

"ದೊರೇ, ಒಂದು ಮಾತು. ಇದು ಸರ್ಕಾರದ ಜಾಗ ಆದ್ರೆ..."

ಕ್ಲೊರಿಂದಾಳ ಕೈ ಮಗಳ ಬಾಯಿಗೆ ಬಿತ್ತು. ಹಿಟ್ಟು, ಬೂದಿ ಎಲ್ಲ ಸೇರಿದ ಕೈ. ದೊರೆ ಕುದುರೆ ತಿರುಗಿಸಿಕೊಂಡು ಹೋದ. ಕೈ ತೆಗೆದಾಗ ಹುಡುಗಿಯ ಮುಖದ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿದ್ದವು.

"ಅವ್ವ, ನಾನು ಕೇಳ್ಬೇಕಿದ್ದುದು ಏನಂದ್ರೆ..."

"ಬೇಡ."

"ಬರೀ ಒಂದೇ..."

"ಬೇಡ ಅಂದ್ನಲ್ಲ ಕಂದಾ."

ಅವಳಿಗೆ ಮಗಳ ಪ್ರಶ್ನೆಗಳ ರುಚಿ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಒಗೆದ ಬಟ್ಟೆ ಕೊಡಲು ಬಂಗಲೆಗೆ ಹೋದಾಗ ಓತಿಲಿಯಾ ದೊರೆಯ ಹೆಂಡತಿಯನ್ನು ಕೇಳಿದ್ದಳು, "ಅಮ್ಮಾವ್ರೇ, ನಿಮ್ಮ ನಾಯಿ ಒಳಗೆ ಬೆಂಕಿ ಮುಂದೆ ಉಣ್ಣುತ್ತೆ, ನಮ್ಮಪ್ಪ ಯಾಕೆ ಹೊರಗೆ ಹಿಮದಲ್ಲಿ ನಿಂತು ಉಣ್ತಾರೆ?" ಕೇಳಿದ್ದು ಅಷ್ಟೇ. ವಸಂತ ಬರುವವರೆಗೆ ಒಗೆಯಲು ಬಟ್ಟೆ ಬರಲಿಲ್ಲ. ಬಡವರ ಮಕ್ಕಳು ಕೇಳಿದರೆ ಅದು ಪ್ರಶ್ನೆಯಲ್ಲ, ಸೊಕ್ಕು.

ರೊಟ್ಟಿ ಸೀದು ಹೋಗಿತ್ತು. ಅದನ್ನೇ ಕೆರೆದು ತಿಂದರು.

ಆ ಗುಡ್ಡ ಮೊದಲು ಬೋಳುಗುಡ್ಡವಾಗಿರಲಿಲ್ಲ. ಸುಟ್ಟ ಕಾಡಾಗಿತ್ತು. ಯಾವುದೋ ಕಾಲದ ಕಾಳ್ಗಿಚ್ಚಿನಲ್ಲಿ ಸತ್ತ ಮರಗಳು ಒಂದರ ಮೇಲೊಂದು ಬಿದ್ದು, ಕುರಿಯಿರಲಿ, ಮೊಲ ಕೂಡ ದಾಟದಂತಿತ್ತು. ಕ್ಲೊರಿಂದಾ ಮತ್ತು ಗಂಡ ಎವಾರಿಸ್ತೊ ನಾಲ್ಕಾರು ಕುರಿ ಹೊಡೆದುಕೊಂಡು ಬಂದಾಗ ಓತಿಲಿಯಾ ಬೆನ್ನಿನ ಜೋಳಿಗೆಯಲ್ಲಿದ್ದಳು. ಆ ಬೊಡ್ಡೆಗಳನ್ನು ಕಿತ್ತವಳು ಕ್ಲೊರಿಂದಾ. ಗುದ್ದಲಿ, ಸನ್ನೆಗೋಲು, ಭುಜ. ಬೊಡ್ಡೆ ಬಿಡದಿದ್ದರೆ ಬೈಗುಳ. ಕೈಯ ಚರ್ಮ ಮೊದಲು ಒಡೆಯಿತು, ಆಮೇಲೆ ಗಟ್ಟಿಯಾಯಿತು, ಆಮೇಲೆ ಮಗಳ ಕೆನ್ನೆ ಸವರಿದರೆ ಮಗಳು "ಅವ್ವ, ಚುಚ್ಚುತ್ತೆ" ಅನ್ನುವಂತಾಯಿತು. ಬೊಡ್ಡೆ ಕಿತ್ತಲ್ಲಿ ಹುಲ್ಲು ಬಂತು. ಹುಲ್ಲು ಬಂದಲ್ಲಿ ಕುರಿ ಈದವು. ಕಾಡಾಗಿದ್ದಾಗ ಕಂಪನಿಗೆ ಆ ಗುಡ್ಡ ಬೇಕಿರಲಿಲ್ಲ. ಹುಲ್ಲು ಬಂದ ಮೇಲೆ ಬೇಕಾಯಿತು.

ಅವರ ಮನೆಯಲ್ಲಿ ನಾಲ್ಕನೆಯವಳೊಬ್ಬಳಿದ್ದಳು, ಮುದುಕಿ ಪಾಸ್ಕುವಾಲಾ. ಬಂಧುವಲ್ಲ. ಆಚೆ ತೊರೆಯ ಪಕ್ಕದಲ್ಲಿದ್ದ ಅವಳ ಮನೆಯನ್ನು ಹೋದ ಶರತ್ಕಾಲದಲ್ಲಿ ಕಂಪನಿಯವರು ಸುಟ್ಟಿದ್ದರು. ಒಳಗೆ ಮಗ್ಗವಿತ್ತು, ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ. "ಒಂದು ಗಳಿಗೆ ತಡೀರಪ್ಪ, ಕಂಬಳಿ ಬಿಚ್ಕೊಳ್ತೀನಿ" ಎಂದಿದ್ದಳು. ತಡೆಯಲಿಲ್ಲ. ಉಳಿದದ್ದು ಅವಳು ಕೈಯಲ್ಲಿ ಹಿಡಿದಿದ್ದ ಕಷಾಯ ಹೀರುವ ಸೋರೆಬುರುಡೆ ಮಾತ್ರ. ಆವತ್ತಿನಿಂದ ಅದನ್ನು ಕೆಳಗಿಟ್ಟವಳಲ್ಲ.

ದೊರೆ ಹೇಳಿ ಹೋದದ್ದನ್ನು ಕೇಳಿ ಮುದುಕಿ ಒಂದು ಗುಟುಕು ಹೀರಿದಳು.

"ಎಳೀರಿ ಹಂಗಾದ್ರೆ."

"ಏನನ್ನ?"

"ಮನೇನ ಕಣೇ, ಇನ್ನೇನ್ನ ಎಳೀತಾರೆ, ನನ್ನನ್ನಾ? ನಮ್ಮ ದ್ವೀಪದಲ್ಲಿ ಎಳೀತಿರ್ಲಿಲ್ವಾ? ಬಾವಿ ಬತ್ತಿದ್ರೆ ಮನೆ ಎಳೆಯೋದು. ಅಣ್ಣ ತಮ್ಮಂಗೆ ಆಗ್ಬರ್ದಿದ್ರೆ ಮನೆ ಎಳೆಯೋದು. ನನ್ನ ಗಂಡ ಅವರಪ್ಪನ ಮೇಲೆ ಮುನಿಸ್ಕೊಂಡು ಎರಡು ಸಲ ಎಳೆಸ್ದ. ರಾಜಿಯಾದ ಮೇಲೆ ಮೂರನೇ ಸಲ ವಾಪಸ್ ಎಳೆಸ್ದ. ಗೋಡೇಲಿದ್ದ ಮೊಳೆಗಿದ್ದಷ್ಟು ಬುದ್ಧಿ ಇವರ ತಲೇಲಿರ್ಲಿಲ್ಲ."

"ಎಲ್ಲಿಗೆ ಎಳೆಯೋದು ಅಜ್ಜಿ? ಸುತ್ತ ಕಂಪನಿ ಬೇಲಿ."

"ನೀರಿನಂಚಿಗೆ. ಅಲೆ ಮುಟ್ಟೋ ಅಂಚನ್ನ ಯಾವ ಕಂಪನಿಗೂ ಕೊಡೋ ಹಾಗಿಲ್ಲ. ಅದು ದೋಣಿಯೋರ್ದು, ಮೀನೋರ್ದು, ಹೋಗೋರು ಬರೋರ್ದು. ದ್ವೀಪದಲ್ಲಿ ಅರ್ಧ ಊರು ಅಲ್ಲೇ ಕಾಲು ನೆನೆಸ್ಕೊಂಡು ನಿಂತಿದೆ."

ಸಂಜೆ ಎವಾರಿಸ್ತೊ ಬಂದ. ದಿನವಿಡೀ ಬಗ್ಗಿ ಕುರಿ ಹಿಡಿದವನ ಬೆನ್ನು ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕು. ಬಗ್ಗಿಕೊಂಡೇ ಕೇಳಿಸಿಕೊಂಡ. ಬಗ್ಗಿಕೊಂಡೇ ಮನೆಯನ್ನು ಒಂದು ಸುತ್ತು ಹಾಕಿದ. ಅಡಿಯಲ್ಲಿ ಎರಡು ಉದ್ದನೆಯ ದಿಮ್ಮಿ ಕೊಟ್ಟೇ ಕಟ್ಟಿದ ಮರದ ಮನೆ ಅದು. ದ್ವೀಪದವರ ಕೈಗೆ ಬೇರೆ ಥರ ಕಟ್ಟಲು ಬರುವುದಿಲ್ಲ.

"ಮನೆ ಬರುತ್ತೆ," ಎಂದ. "ಎತ್ತು? ನೆಲೆಸಿದೋರ ಹತ್ರ ಇರೋದು ಎರಡೇ ಜೋಡಿ. ಮಿಕ್ಕಿದ್ದೆಲ್ಲ ಕಂಪನೀದು."

"ಕಂಪನಿ ಎತ್ತು ಹೊಡೆಯೋರು ಯಾರು?"

"ನಮ್ಮೋರೇ."

"ಹಂಗಾದ್ರೆ ಹೋಗಿ ಬೇಡ್ಕೋತೀನಿ," ಎಂದಳು ಕ್ಲೊರಿಂದಾ.

ದ್ವೀಪದಲ್ಲಿ ಇದಕ್ಕೊಂದು ಕ್ರಮವಿದೆ. ಮನೆ ಎಳೆಸುವವರು ಒಬ್ಬೊಬ್ಬರ ಎದುರಿಗೂ ನಿಂತು, ಹೆಸರು ಹಿಡಿದು ಬೇಡಬೇಕು. ಹಾಗೆ ಬೇಡಿಸಿಕೊಂಡವನು ಇಲ್ಲ ಅನ್ನುವಂತಿಲ್ಲ. ಕೂಲಿಯಿಲ್ಲ, ಊಟ ಮಾತ್ರ. ಇಲ್ಲ ಅಂದವನ ಮನೆಯನ್ನು ಮುಂದೆ ಯಾರೂ ಎಳೆಯುವುದಿಲ್ಲ, ಸತ್ತರೆ ಹೆಣವನ್ನೂ ಎತ್ತುವುದಿಲ್ಲ.

ಶನಿವಾರ ಮಧ್ಯಾಹ್ನ ಕ್ಲೊರಿಂದಾ ತಲೆಗೆ ಸ್ಕಾರ್ಫ್ ಕಟ್ಟಿ ಕೂಲಿಯವರ ಕೊಟ್ಟಿಗೆಗೆ ಹೋದಳು. ಬಾಗಿಲಲ್ಲಿ ಕಂಪನಿಯ ಅಡುಗೆಯವನು ಸೌಟು ಅಡ್ಡ ಹಿಡಿದ.

"ಹೆಂಗಸರು ಹಿಂಬಾಗಿಲಿಗೆ ಹೋಗ್ಬೇಕು. ದೊರೆ ಆರ್ಡರು."

"ಬಟ್ಟೆ ತಂದಾಗ ಹಿಂಬಾಗಿಲಿಗೆ ಹೋಗಿದೀನಪ್ಪ. ಇವತ್ತು ಬೇಡೋಕೆ ಬಂದಿದೀನಿ. ಬೇಡೋರು ಮುಂಬಾಗಿಲಲ್ಲೇ ಬೇಡ್ಬೇಕು. ನಿಮ್ಮವ್ವ ಹೇಳ್ಕೊಟ್ಟಿಲ್ವಾ?"

ಅವನ ಅವ್ವನೂ ದ್ವೀಪದವಳೇ. ಸೌಟು ಕೆಳಗಿಳಿಯಿತು.

ಒಳಗೆ ಕತ್ತಲು, ಉಣ್ಣೆಯ ಜಿಡ್ಡಿನ ನಾತ. ಹಲಗೆಗಳ ಮೇಲೆ ಗಂಡಸರು, ಕೆಲವರು ಮಂಡಿಗೆ ಕುರಿಕೊಬ್ಬು ತಿಕ್ಕಿಕೊಳ್ಳುತ್ತಿದ್ದರು. ಕ್ಲೊರಿಂದಾ ಮೊದಲು ಗಾಡಿಯವರ ಹಿರಿಯ ತ್ರಾನ್ಸಿತೊನ ಮುಂದೆ ನಿಂತಳು. ಮೀಸೆ ಎರಡು ಕಡೆ ಇಳಿಬಿದ್ದು ಅವನೂ ಒಂದು ಎತ್ತಿನ ಹಾಗೇ ಕಾಣುತ್ತಿದ್ದ.

"ತ್ರಾನ್ಸಿತೊ ಅಣ್ಣ, ನನ್ನ ಮನೆಗೆ ಕಾಲು ಬರ್ಬೇಕು. ನಿನ್ನ ಕಾಲು ಕೊಡು."

ಅವನು ನೆಲ ನೋಡಿದ. "ತಂಗೀ, ದೊರೆಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗ್ಬಹುದು ಅಣ್ಣ. ನಾನು ಸುಳ್ಳು ಹೇಳಲ್ಲ. ಬೇಡ್ತಾ ಇದೀನಿ ಅಷ್ಟೇ."

ತ್ರಾನ್ಸಿತೊ ಮೀಸೆ ಕಚ್ಚಿದ. ಆಮೇಲೆ ಕೇಳಿದ, "ಊಟ ಏನು?"

"ಕುರಿ. ಆಲೂಗಡ್ಡೆ. ಕಾದ ಕಲ್ಲಿನ ಹೊಂಡದಲ್ಲಿ ಬೇಯಿಸಿದ್ದು."

"ಯಾರ ಕುರಿ?"

"ನನ್ನದೇ ಕಣಣ್ಣ. ದೊರೆಯದ್ದಾದ್ರೆ ನಿಮಗೆ ಜೀರ್ಣ ಆಗುತ್ತಾ?"

ಕೊಟ್ಟಿಗೆ ನಕ್ಕಿತು. ನಕ್ಕ ಮೇಲೆ ಹಿಂದೆ ಸರಿಯುವುದು ಕಷ್ಟ. "ನಾಳೆ ಭಾನುವಾರ," ಎಂದ ತ್ರಾನ್ಸಿತೊ. "ಭಾನುವಾರ ಎತ್ತಿಗೂ ರಜ. ಅವು ಎಲ್ಲಿಗೆ ಹೋಗ್ತವೋ ನನಗೇನು ಗೊತ್ತು, ನಾನು ಹಿಂದೆ ಹೋಗ್ತೀನಿ ಅಷ್ಟೇ." ಕ್ಲೊರಿಂದಾ ಒಬ್ಬೊಬ್ಬರ ಮುಂದೂ ನಿಂತಳು. ಒಬ್ಬೊಬ್ಬರ ಹೆಸರೂ ಹಿಡಿದಳು. ಕೊನೆಯಲ್ಲಿ ಅಡುಗೆಯವನು ತಾನೇ ಬಂದು ಎದುರಿಗೆ ನಿಂತ. "ನನ್ನನ್ನ ಯಾಕೆ ಬಿಟ್ಟೆ? ಹೊಂಡಕ್ಕೆ ಕಲ್ಲು ಕಾಯಿಸೋರು ಯಾರು, ನಿನ್ನ ಗಂಡನಾ? ಸುಟ್ಟು ಹಾಕ್ತಾನೆ."

ಭಾನುವಾರ ಬೆಳಕು ಹರಿಯುವಾಗ ಗುಡ್ಡದ ಮೇಲೆ ಎತ್ತುಗಳೇ ಎತ್ತುಗಳು. ಅಡಿಗಲ್ಲು ಕಿತ್ತರು. ಸನ್ನೆಗೋಲು ಹಾಕಿ ಮನೆಯನ್ನು ಎತ್ತಿದರು. ದಿಮ್ಮಿಗೆ ಹಗ್ಗ, ಹಗ್ಗಕ್ಕೆ ನೊಗ. ಮುಂದೆ ಎಳೆಯಲು ಕೆಲವು ಜೋಡಿ, ಇಳಿಜಾರಿನಲ್ಲಿ ಮನೆ ಓಡದಂತೆ ಹಿಂದಕ್ಕೆ ಹಿಡಿಯಲು ಕೆಲವು. ಕಿಟಕಿಯ ಗಾಜು ಬಿಚ್ಚಿ ಹುಲ್ಲಿನಲ್ಲಿ ಸುತ್ತಿದರು. ಎಲ್ಲರೂ ಹೊರಬಂದರು, ಪಾಸ್ಕುವಾಲಾ ಬರಲಿಲ್ಲ.

"ಅಜ್ಜೀ, ಇಳೀರಿ. ಮನೆ ಹೊರಡುತ್ತೆ."

"ಹೊರಡ್ಲಿ. ಒಂದು ಮನೆಯಿಂದ ನನ್ನನ್ನ ಇಳಿಸಿಯಾಯ್ತು. ಇನ್ನೊಂದರಿಂದ ಇಳಿಯಲ್ಲ. ಒಲೇಲಿ ನೀರು ಕಾಯ್ತಾ ಇದೆ, ಅಲುಗಾಡಿಸ್ದೆ ಎಳೀರಿ."

ತ್ರಾನ್ಸಿತೊ ಕೋಲು ಎತ್ತಿದ. ಎತ್ತುಗಳು ಕುತ್ತಿಗೆ ತಗ್ಗಿಸಿದವು. ಹಗ್ಗ ಮೊದಲು ಬಿಗಿಯಿತು, ಆಮೇಲೆ ಕಿರುಗುಟ್ಟಿತು. ಮನೆ ಮುದುಕಿಯ ಹಾಗೆ ನರಳಿತು. ಆಮೇಲೆ ನಡೆಯಿತು.

ನಡೆದದ್ದನ್ನು ನೋಡಿ ಮೊದಲು ಗಾಬರಿಯಾದದ್ದು ಕುರಿಗಳಿಗೆ. ದಿನಾ ಸಂಜೆ ಆ ಬಾಗಿಲಲ್ಲೇ ಉಪ್ಪು ನೆಕ್ಕಿದವು ಅವು. ಬಾಗಿಲು ಹೋಗುತ್ತಿದೆ ಎಂದರೆ ಉಪ್ಪು ಹೋಗುತ್ತಿದೆ. ಬಿಷಪ್ಪ ಒಂದು ಸಲ ಅರಚಿ ಮನೆಯ ಹಿಂದೆ ಹೊರಟಿತು. ಅದರ ಹಿಂದೆ ಹಿಂಡು. ಹೊಗೆಗೂಡಿನಿಂದ ಹೊಗೆ ಬಿಡುತ್ತ ಮುಂದೆ ಮನೆ, ಕಿಟಕಿಯಲ್ಲಿ ಕಷಾಯ ಹೀರುವ ಮುದುಕಿ, ಹಿಂದೆ ಕುರಿ ಮೆರವಣಿಗೆ. ಓತಿಲಿಯಾ ಅತ್ತಿಂದಿತ್ತ ಓಡಿ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ, ಆದರೂ ಎಲ್ಲ ಅವಳು ಹೇಳಿದ ಹಾಗೇ ನಡೆಯುತ್ತಿತ್ತು.

"ಅವ್ವ, ಈಗ್ಲಾದ್ರೂ ಕೇಳ್ಲಾ?"

"ಹಗ್ಗ ನೋಡ್ಕೋ!"

ಅರ್ಧ ಇಳಿಜಾರಿನಲ್ಲಿ ಹಿಂದಿನ ಹಗ್ಗ ಹರಿಯಿತು. ಮನೆಗೆ ಒಮ್ಮೆಲೇ ಹುಮ್ಮಸ್ಸು ಬಂತು. ಎತ್ತುಗಳನ್ನೇ ದಾಟಿ ಹೋಗುವಂತೆ ಜಾರಿತು. ಗಂಡಸರು ಪಕ್ಕಕ್ಕೆ ಹಾರಿದರು. ಕ್ಲೊರಿಂದಾ ಹಾರಲಿಲ್ಲ. ಕೈಯಲ್ಲಿದ್ದ ದಪ್ಪ ತೊಲೆಯನ್ನು ದಿಮ್ಮಿಯ ಅಡಿಗೆ ತುರುಕಿ, ಅದರ ತುದಿಗೆ ಭುಜ ಕೊಟ್ಟಳು. ಭುಜದೊಳಗೆ ಏನೋ ಲಟಕ್ಕೆಂದಿತು. ಕಣ್ಣಿಗೆ ಕತ್ತಲು ಬಂತು. ಬಿಡಲಿಲ್ಲ. ಎವಾರಿಸ್ತೊ ಬಂದು ಅವಳ ಬೆನ್ನಿಗೆ ಬೆನ್ನು ಕೊಟ್ಟ. ಆಮೇಲೆ ಅಡುಗೆಯವನು, ಆಮೇಲೆ ಎಲ್ಲರೂ. ಮನೆ ಒಂದು ಬಂಡೆಯ ಮೇಲೆ ಮೂಗು ಊರಿ ವಾರೆಯಾಗಿ ನಿಂತಿತು.

ಎಲ್ಲರೂ ಕಿಟಕಿಯತ್ತ ನೋಡಿದರು. ಒಳಗಿನಿಂದ ಪಾಸ್ಕುವಾಲಾಳ ದನಿ ಬಂತು. "ಯಾವನೋ ಅವನು ಹಗ್ಗ ಕಟ್ದೋನು? ನನ್ನ ಬಿಸಿನೀರೆಲ್ಲ ಚೆಲ್ಲಿಸ್ದ! ನಿಮ್ಮಜ್ಜಿ ಕೌದಿ ಹೊಲಿಯೋ ದಾರದಲ್ಲಿ ಕಟ್ಟಿದ್ಯಾ?"

ಜೀವವಿದೆ ಎಂದು ಎಲ್ಲರೂ ಉಸಿರು ಬಿಟ್ಟರು. ಹಗ್ಗ ಗಂಟು ಹಾಕಿ ಮತ್ತೆ ಎಳೆದರು.

ಮಧ್ಯಾಹ್ನ ಕಳೆದ ಮೇಲೆ ಮನೆ ನೀರಿನಂಚು ಮುಟ್ಟಿತು. ಒಂದು ಕಡೆ ಕಂಪನಿಯ ದೋಣಿಕಟ್ಟೆ, ಇನ್ನೊಂದು ಕಡೆ ಬಂಡೆ, ನಡುವೆ ಮನೆ. ಬಾಗಿಲು ಬಂಡೆಯ ಕಡೆಗೆ. ದೋಣಿಕಟ್ಟೆಗೆ ಹೋಗುವವರು ಆ ಬಾಗಿಲಿಗೆ ಮುಖ ತೋರಿಸದೆ ಹೋಗುವಂತಿರಲಿಲ್ಲ. ಬಂಡೆಗೂ ಬಾಗಿಲಿಗೂ ನಡುವೆ ದಾರಿ ಬಿಟ್ಟಿದ್ದರು, ಒಂದು ಗಾಡಿ ಹೋಗುವಷ್ಟು. ಆ ದಾರಿಯ ಮಗ್ಗುಲಲ್ಲೇ ಅಡುಗೆಯವನು ಹೊಂಡ ತೋಡಿ, ಕಾದ ಕಲ್ಲಿನ ಮೇಲೆ ಮಾಂಸ, ಆಲೂಗಡ್ಡೆ ಹಾಕಿ, ಅಗಲವಾದ ಎಲೆ ಮುಚ್ಚಿ, ಅದರ ಮೇಲೆ ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆ ಹೊದಿಸಿದ್ದ. ಮಣ್ಣಿನಿಂದ ಹಬೆ ಏಳುತ್ತಿತ್ತು. ಎವಾರಿಸ್ತೊ ಮೂಲೆಗಳಿಗೆ ಕಲ್ಲು ಕೊಡುತ್ತಿದ್ದ. ಅದು ಮುಗಿಯುವವರೆಗೆ ಮನೆಯನ್ನು ಎತ್ತುಗಳೇ ಹಿಡಿದು ನಿಲ್ಲಬೇಕು. ನೊಗ ಬಿಚ್ಚುವಂತಿರಲಿಲ್ಲ.

ಆಗ ಗುಡ್ಡದ ನೆತ್ತಿಯಲ್ಲಿ ಕುದುರೆಗಳು ಕಂಡವು.

ಮೆಕ್ರೇ ದೊರೆ, ಒಬ್ಬ ಸಾರ್ಜೆಂಟ್, ಇಬ್ಬರು ಪೊಲೀಸರು. ಒಬ್ಬನ ಜೀನಿಗೆ ಸೀಮೆಎಣ್ಣೆ ಡಬ್ಬ ತೂಗುತ್ತಿತ್ತು. ಗುಡ್ಡದ ಮೇಲೆ ಅವರು ನಿಂತರು. ಅಲ್ಲಿ ನಾಲ್ಕು ಅಡಿಗಲ್ಲು, ಒಂದು ಬೂದಿಗುಡ್ಡೆ, ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಬೆಕ್ಕು. ದೊರೆ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೆಕ್ಕನ್ನೂ ನೋಡಿದ. ಆಮೇಲೆ ಹುಲ್ಲಿನಲ್ಲಿ ಬಸವನಹುಳ ಹರಿದಂತೆ ಮೂಡಿದ್ದ ದೊಡ್ಡ ಗೀರು ಕಂಡಿತು. ಗೀರಿನ ಹಿಂದೆಯೇ ಕುದುರೆಗಳು ಇಳಿದು ಬಂದವು.

ಯಾರೂ ಓಡಲಿಲ್ಲ. ಕ್ಲೊರಿಂದಾ ಒಂದು ತೋಳು ಜೋತುಬಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಳು.

ದೊರೆಯ ಕುದುರೆ ಹೊಂಡದ ಹತ್ತಿರ ಬಂದು ನೆಲದಿಂದ ಏಳುವ ಹಬೆ ನೋಡಿ ಹೆಜ್ಜೆ ಕಿತ್ತಿಡಲಿಲ್ಲ. ಒದ್ದ, ಮುಂದಕ್ಕೆ ಬರಲಿಲ್ಲ. ಚಾಟಿ ಕೊಟ್ಟ, ಹಿಂದಕ್ಕೇ ಹೋಯಿತು. ಮೂರನೇ ಸಲ ಮುಂಗಾಲು ಎತ್ತಿ ನಿಂತಿತು. ಬೇರೆ ದಾರಿಯಿರಲಿಲ್ಲ.

ಮೆಕ್ರೇ ದೊರೆ ಕುದುರೆಯಿಂದ ಇಳಿದ.

ಬೂಟು ಕೆಸರಿನಲ್ಲಿ ಹೂತಿತು. ಕಿಟಕಿಯಿಂದ ಪಾಸ್ಕುವಾಲಾ ಕೂಗಿದಳು, "ಬನ್ನಿ ಬನ್ನಿ, ಮನೆಗೆ ಬಂದೋರು ಟೋಪಿ ತೆಗೀಬೇಕು!"

ಟೋಪಿ ತೆಗೆಯಲಿಲ್ಲ. ಆದರೆ ನೆಲದ ಮೇಲೆ ನಿಂತ ದೊರೆ ಕ್ಲೊರಿಂದಾಳಿಗಿಂತ ಒಂದು ಗೇಣು ಕುಳ್ಳಗಿದ್ದ. ಇಷ್ಟು ವರ್ಷ ಯಾರಿಗೂ ಅದು ಗೊತ್ತಿರಲಿಲ್ಲ.

"ನಾನು ಏನು ಹೇಳಿದ್ದೆ?" ಎಂದು ಕೂಗಿದ.

"ಗುಡ್ಡದ ಮೇಲೆ ಇರಕೂಡದು ಅಂದ್ರಿ. ಗುಡ್ಡದ ಮೇಲೆ ಇಲ್ಲ."

"ಅವು ಕಂಪನಿ ಎತ್ತುಗಳು!"

"ಹೌದು ದೊರೆ," ಎಂದ ತ್ರಾನ್ಸಿತೊ. "ಭಾನುವಾರ ಅಲ್ವಾ, ಪ್ರಾರ್ಥನೆಗೆ ಹೊರಟಿದ್ವು."

"ನಿನ್ನ ಕೆಲಸ ಹೋಯ್ತು!"

"ಹೋಗ್ಲಿ ಬಿಡಿ. ನಾಳೆ ಉಣ್ಣೆ ತುಂಬೋ ದೋಣಿ ಬರುತ್ತೆ. ಗಾಡಿ ಯಾರು ಹೊಡೀತಾರೆ, ನೀವಾ?"

ಅವನ ಹಿಂದೆ ಗಾಡಿಯವರು ಎದ್ದು ನಿಂತರು. ಉಣ್ಣೆ ಕತ್ತರಿಸುವವರೂ ಎದ್ದರು. ಬರೀ ಎದ್ದು ನಿಂತರು. ಅಡುಗೆಯವನು ಸೌಟು ಹಿಡಿದು ನಿಂತ.

ಸಾರ್ಜೆಂಟ್ ಹೊಂಡದ ವಾಸನೆ ಹೀರಿದ. ಅವನೂ ದ್ವೀಪದ ಕಡೆಯವನೇ. "ನನಗೆ ಕೊಟ್ಟ ಆರ್ಡರು ಗುಡ್ಡದ ಮೇಲಿನ ಮನೆ ಸುಡು ಅಂತ," ಎಂದ. "ಗುಡ್ಡದ ಮೇಲೆ ಬೆಕ್ಕಿದೆ. ಬೆಕ್ಕು ಸುಡೋಕೆ ಆರ್ಡರಿಲ್ಲ."

ಯಾರೋ ನಕ್ಕರು. ಸಾರ್ಜೆಂಟ್ ನಗಲಿಲ್ಲ. ಕ್ಲೊರಿಂದಾಳ ಕಡೆ ತಿರುಗಿದ. "ಇದನ್ನ ಸುಡು ಅಂತ ನಾಳೆ ಆರ್ಡರು ಬಂದ್ರೆ ನಾಳೆ ಬಂದು ಸುಡ್ತೀನಿ ತಾಯಿ. ನನ್ನನ್ನ ನೆಂಟ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ," ಎಂದಳು ಕ್ಲೊರಿಂದಾ. "ನಾಳೆ ಬಂದ್ರೆ ನಾಳೆ ಇನ್ನೊಂದು ಕಡೆ ಎಳೀತೀವಿ. ಹಗ್ಗ ನಮ್ದೇ. ಒಳಗಂತೂ ನನ್ನ ಮಗಳಿರ್ತಾಳೆ, ಈ ಮುದುಕಿ ಇರ್ತಾಳೆ, ನಾನಿರ್ತೀನಿ. ಅದನ್ನೂ ನಿಮ್ಮ ಆರ್ಡರಲ್ಲಿ ಬರೆಸ್ಕೊಂಡು ಬನ್ನಿ."

ದೊರೆಯ ಮುಖ ಬೇಯಿಸಿದ ಮಾಂಸದ ಬಣ್ಣಕ್ಕೆ ತಿರುಗಿತು. "ಗುಡ್ಡವೂ ಸರ್ಕಾರದ್ದು! ಈ ದಡವೂ ಸರ್ಕಾರದ್ದು! ಇಲ್ಲಿ ಕಾಣೋ ಎಲ್ಲಾ ನೆಲ ಸರ್ಕಾರದ್ದು! ಸರ್ಕಾರದ ನೆಲದ ಮೇಲೆ ಯಾರದೂ ಮನೆ ಇರಕೂಡದು!"

"ಅವ್ವ..." ಎಂದಿತು ಲಂಗದ ಹಿಂದಿನ ದನಿ.

ಕ್ಲೊರಿಂದಾಳ ಕೈ ತಾನಾಗಿಯೇ ಹೋಯಿತು. ಮಗಳ ಬಾಯಿಯ ಹತ್ತಿರ ಹೋಗಿ, ಅಲ್ಲೇ ನಿಂತಿತು. ಎಷ್ಟು ಸಲ ಮುಚ್ಚಿದ್ದಳು ಆ ಬಾಯಿಯನ್ನು. ಹಿಟ್ಟಿನ ಕೈಯಲ್ಲಿ, ಸಾಬೂನಿನ ಕೈಯಲ್ಲಿ, ಕುರಿಜಿಡ್ಡಿನ ಕೈಯಲ್ಲಿ. ಅವಳವ್ವ ಅವಳ ಬಾಯಿ ಮುಚ್ಚಿದ್ದೂ ಹೀಗೇ. ಅವಳು ಕೈ ತೆಗೆದಳು. ಮಗಳ ಬೆನ್ನ ಮೇಲಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ಕೇಳು ಕಂದಾ. ಜೋರಾಗಿ ಕೇಳು."

ಓತಿಲಿಯಾ ಮುಂದೆ ಬಂದಳು. ಜೊತೆಗೆ ಬಿಷಪ್ಪನೂ ಬಂತು. ಹುಡುಗಿ ಒಂದು ಸಲ ಆಚೆ ಮೇಲಿನ ಬಂಗಲೆಯನ್ನು, ಅದರ ಕೆಂಪು ತಗಡಿನ ಮಾಡನ್ನು ನೋಡಿದಳು. ಒಂದು ಸಲ ಎತ್ತುಗಳನ್ನು ನೋಡಿದಳು. ಆಮೇಲೆ ಬಿದ್ದ ಹಲ್ಲಿನ ಸಂದಿಯಿಂದ ಗಾಳಿ ಸೂಸುತ್ತ, ಕೆಲಸ ಬೇಗ ಮುಗಿಯಲಿ ಎನ್ನುವ ಕಾಳಜಿಯಿಂದಲೇ ಕೇಳಿದಳು:

"ದೊರೇ, ಬಂಗಲೆ ಇರೋ ನೆಲಾನೂ ಸರ್ಕಾರದ್ದೇ ಅಲ್ವಾ? ಹಂಗಾದ್ರೆ ನಿಮ್ಮ ಮನೆ ಎಳೆಯೋದು ಯಾವಾಗ? ನೊಗ ಇನ್ನೂ ಬಿಚ್ಚಿಲ್ಲ."